ಕೊಟ್ಟದ್ದು ಯಾರಿಗೆ, ಯಾರದ್ದನ್ನು?

ಮಾನ್ಯರೇ,

ಕಳೆದ ಸಂಚಿಕೆಯ ಎರಡನೇ ಮಹಾಯುದ್ಧದ ಲೇಖನ ಓದಿ ದಾವಣಗೆರೆಯಿಂದ ನೀವು ಬರೆದ ಪತ್ರ ಕೈಸೇರಿತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವರು ನೀವು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರಲ್ಲಿ ಹೇರಿದ ವರ್ಸೇಲ್ಸ್ ಒಪ್ಪಂದದ ಅನ್ಯಾಯದಿಂದಲೇ ಯುದ್ಧ ಬಂತು ಎಂದಾದರೆ, 1938ರಲ್ಲಿ ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ ಆ ಅನ್ಯಾಯವನ್ನು ಸರಿಪಡಿಸಲು ಹೊರಟದ್ದು ಹೇಗೆ ತಪ್ಪಾಗುತ್ತದೆ ಎಂದು ಕೇಳಿದ್ದೀರಿ. ಇಂದಿನ ಪ್ರತಿ ಜಗಳಕ್ಕೂ, ಹಿಟ್ಲರ್‌ನನ್ನು ಸಮಾಧಾನಪಡಿಸಲು ಆ ವರ್ಷ ಜೆಕೊಸ್ಲೊವಾಕಿಯಾದ ಗಡಿಭಾಗವನ್ನು ಬಿಟ್ಟುಕೊಟ್ಟ ಮ್ಯೂನಿಕ್‌ನ ಉದಾಹರಣೆ ಕೊಡುವುದು ಸರಿಯೇ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ಜರ್ಮನ್ನರ ಸಿಟ್ಟು, ಮಿತ್ರರಾಷ್ಟ್ರಗಳ ಓಲೈಕೆ ಎರಡೂ ಯುದ್ಧಕ್ಕೆ ಕಾರಣ ಎಂದೇ ನಾನು ತಿಳಿದಿದ್ದೇನೆ. ಆದರೆ ನಮ್ಮ ಪಾಠಗಳು 1919ರಿಂದ ಒಂದೇ ನೆಗೆತಕ್ಕೆ ಹಿಟ್ಲರ್ ಅಧಿಕಾರಕ್ಕೇರಿದ 1933ಕ್ಕೆ ಬಂದುಬಿಡುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ನಡುವಿನ ವರ್ಷಗಳಲ್ಲೇ.

ಸಿಟ್ಟಿಗೆ ಕಾರಣವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಒಪ್ಪಂದದ 231ನೇ ವಿಧಿ ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ಗೊತ್ತುಪಡಿಸಿದರು. ಅದರ ದೊಡ್ಡ ಪಾಲು ಕಾಗದದ ಮೇಲಷ್ಟೇ ಉಳಿಯುವಂಥದ್ದು, ಆದರೂ ಅವಮಾನ ಅವಮಾನವೇ. ಅದಕ್ಕಿಂತ ಆಳಕ್ಕೆ ಇಳಿದದ್ದು ಒಂದು ಸುಳ್ಳು. 1918ರ ಸೆಪ್ಟೆಂಬರ್ ಕೊನೆಯಲ್ಲಿ, ಇನ್ನು ತಡೆಯಲಾಗದು, ಕೂಡಲೇ ಕದನವಿರಾಮ ಕೇಳಿ ಎಂದು ಸರ್ಕಾರದ ಮೇಲೆ ಒತ್ತಡ ತಂದವನು ಸೇನಾನಿ ಲೂಡೆನ್‌ಡಾರ್ಫ್. ಸಹಿ ಹಾಕಿದ ನಿಯೋಗದ ಮುಂದಾಳು ಮಾತ್ರ ಎರ್ಜ್‌ಬರ್ಗರ್ ಎಂಬ ರಾಜಕಾರಣಿ. ಆಮೇಲೆ ಅದೇ ಸೇನಾನಿಗಳು, ನಾವು ಸೋತಿರಲಿಲ್ಲ, ಮನೆಯೊಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂದರು. ಎರ್ಜ್‌ಬರ್ಗರ್‌ನನ್ನು 1921ರಲ್ಲಿ ಗುಂಡಿಕ್ಕಿ ಕೊಂದರು. ಪ್ರಜಾಪ್ರಭುತ್ವವಾದಿಗಳು ಮತ್ತು ಯಹೂದಿಗಳೇ ಸೋಲಿಗೆ ಕಾರಣ ಎಂಬ ಮಾತು ಮನೆಮನೆಗೂ ಹರಡಿತು.

ಇಷ್ಟಾದರೂ 1928ರ ಚುನಾವಣೆಯಲ್ಲಿ ಹಿಟ್ಲರ್‌ನ ಪಕ್ಷಕ್ಕೆ ಸಿಕ್ಕಿದ್ದು ಶೇ 2.6ರಷ್ಟು ಮತ. ವರ್ಸೇಲ್ಸ್ ಆಗಿ ಒಂಬತ್ತು ವರ್ಷ ಕಳೆದಿತ್ತು. ವಿದೇಶಾಂಗ ಸಚಿವ ಸ್ಟ್ರೇಸ್‌ಮನ್ 1925ರಲ್ಲಿ ಫ್ರಾನ್ಸ್, ಬೆಲ್ಜಿಯಂ ಜೊತೆಗಿನ ಗಡಿಗಳನ್ನು ಒಪ್ಪಿಕೊಳ್ಳುವ ಲೊಕಾರ್ನೊ ಒಪ್ಪಂದ ಮಾಡಿಕೊಂಡಿದ್ದರು, ಮರುವರ್ಷ ಜರ್ಮನಿ ರಾಷ್ಟ್ರಸಂಘಕ್ಕೂ ಸೇರಿತ್ತು. ಸಿಟ್ಟು ತಾನಾಗಿ ಯುದ್ಧಕ್ಕೆ ನೂಕುತ್ತಿರಲಿಲ್ಲ.

1929ರ ಆರ್ಥಿಕ ಕುಸಿತ ಬಂದ ಮೇಲೆ ನಡೆದದ್ದನ್ನು ದಯವಿಟ್ಟು ಗಮನವಿಟ್ಟು ನೋಡಿ. 1931ರಲ್ಲಿ ಚಾನ್ಸಲರ್ ಬ್ರೂನಿಂಗ್‌ರ ಸರ್ಕಾರ ಆಸ್ಟ್ರಿಯಾದ ಜೊತೆ ಬರೀ ಸುಂಕದ ಒಕ್ಕೂಟ (ಪರಸ್ಪರ ಸುಂಕವಿಲ್ಲದ ವ್ಯಾಪಾರ) ಮಾಡಿಕೊಳ್ಳಲು ಹೊರಟಿತು. ಸೈನ್ಯವಿಲ್ಲ, ಗಡಿ ಬದಲಾವಣೆಯಿಲ್ಲ. ಫ್ರಾನ್ಸ್ ಹಣಕಾಸಿನ ಒತ್ತಡ ಹಾಕಿತು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ 8–7ರ ಬಹುಮತದಿಂದ ವಿರುದ್ಧವಾಗಿ ಹೇಳಿತು. ಯೋಜನೆ ಬಿದ್ದುಹೋಯಿತು. ಯುದ್ಧಪರಿಹಾರವನ್ನು ಕೊನೆಗೂ ಬಹುತೇಕ ಮನ್ನಾ ಮಾಡಿದ್ದು 1932ರ ಜುಲೈನಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ. ಅದಕ್ಕಾಗಿ ಹೆಣಗಿದ್ದ ಬ್ರೂನಿಂಗ್ ಮೇ ಕೊನೆಗೇ ಅಧಿಕಾರ ಕಳೆದುಕೊಂಡಿದ್ದರು. ಅದೇ ಜುಲೈ 31ರಂದು ಹಿಟ್ಲರ್‌ನ ಪಕ್ಷ ಶೇ 37ರಷ್ಟು ಮತ ಗಳಿಸಿತು. ನಯವಾಗಿ ಕೇಳಿದವರಿಗೆ ಸುಂಕದ ಒಕ್ಕೂಟವನ್ನೂ ಕೊಡದವರು, 1938ರ ಮಾರ್ಚ್‌ನಲ್ಲಿ ಸೈನ್ಯ ನುಗ್ಗಿಸಿದವನು ಇಡೀ ಆಸ್ಟ್ರಿಯಾವನ್ನೇ ನುಂಗಿದಾಗ ಪ್ರತಿಭಟನೆಯ ಪತ್ರ ಬರೆದು ಸುಮ್ಮನಾದರು. ಗದರಿಸಿದರೆ ಸಿಗುತ್ತದೆ ಎಂಬುದನ್ನು ಜರ್ಮನ್ನರಿಗೆ ಕಲಿಸಿದವರು ಗೆದ್ದ ರಾಷ್ಟ್ರಗಳೇ. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಮ್ಯೂನಿಕ್. ಅಲ್ಲಿ ಕೊಟ್ಟದ್ದು ಬ್ರಿಟನ್ನಿನದ್ದೂ ಅಲ್ಲ, ಫ್ರಾನ್ಸಿನದ್ದೂ ಅಲ್ಲ. ಜೆಕೊಸ್ಲೊವಾಕಿಯಾದ ಪ್ರತಿನಿಧಿಗಳನ್ನು ಮಾತುಕತೆಗೆ ಸೇರಿಸಲೇ ಇಲ್ಲ, ಹೋಟೆಲಿನಲ್ಲಿ ಕಾಯಿಸಿದರು. ಸೆಪ್ಟೆಂಬರ್ 30ರ ನಡುರಾತ್ರಿ ಕಳೆದ ಮೇಲೆ ಅವರನ್ನು ಕರೆದು, ಆಗಲೇ ತೀರ್ಮಾನವಾಗಿದ್ದ ಒಪ್ಪಂದದ ಪ್ರತಿಯನ್ನೂ ನಕ್ಷೆಯನ್ನೂ ಕೈಗಿತ್ತರು. ರಾಯಭಾರಿ ಮಾಸ್ಟ್ನಿ ಒಂದೊಂದೇ ಅಂಶದ ಬಗ್ಗೆ ವಿವರ ಕೇಳುತ್ತಿದ್ದಾಗ ಚೇಂಬರ್ಲಿನ್ ಆಕಳಿಸುತ್ತಿದ್ದರು ಎಂದು ಜೊತೆಗಿದ್ದ ಅಧಿಕಾರಿ ದಾಖಲಿಸಿದ್ದಾರೆ. ನಿಮ್ಮ ಉತ್ತರವೇನೂ ಬೇಕಿಲ್ಲ ಎಂದೇ ಅವರಿಗೆ ತಿಳಿಸಲಾಯಿತು. ಜರ್ಮನ್ ಮಾತಾಡುವವರು ಹೆಚ್ಚಿದ್ದ ಗಡಿಯ ಸುಡೆಟನ್ ಬೆಟ್ಟಸಾಲಿನ ಜೊತೆಗೆ ಆ ದೇಶ ಕಟ್ಟಿಕೊಂಡಿದ್ದ ಗಡಿಕೋಟೆಗಳೂ ಹೋದವು. 1939ರ ಮಾರ್ಚ್ 15ರಂದು ಜರ್ಮನ್ ಸೈನ್ಯ ಪ್ರಾಗ್ ಹೊಕ್ಕಾಗ ತಡೆಯಲು ಏನೂ ಉಳಿದಿರಲಿಲ್ಲ. ಸ್ಕೋಡಾದ ಶಸ್ತ್ರಾಸ್ತ್ರ ಕಾರ್ಖಾನೆ ಹಿಟ್ಲರ್‌ನ ಕೈಗೆ ಬಂತು.

ಚೇಂಬರ್ಲಿನ್‌ರನ್ನು ಹೇಡಿ ಎನ್ನಲು ನನಗೆ ಮನಸ್ಸಿಲ್ಲ. ಹಿಂದಿನ ಯುದ್ಧದಲ್ಲಿ ಬ್ರಿಟನ್ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು, ಮತ್ತೆ ಯುದ್ಧ ಬೇಡವೆಂಬ ಅವರ ಆಸೆ ನಿಜವಾದದ್ದು. ಆದರೆ ದೂರುವವನ ಕುಂದುಕೊರತೆ ನೀಗಿದರೆ ಅವನು ಶಾಂತನಾಗುತ್ತಾನೆ ಎಂದು ಅವರು ನಂಬಿದರು. ಹಿಟ್ಲರ್‌ಗೆ ಆ ದೂರು ಒಂದು ನೆಪವಾಗಿತ್ತು. 1938ರ ಆಗಸ್ಟ್‌ನಲ್ಲಿ ಜೆಕೊಸ್ಲೊವಾಕಿಯಾಕ್ಕೆ ಹೋಗಿಬಂದ ನೆಹರೂ ಅವರಿಗೆ ಇದು ಕಂಡಿತ್ತು. ಬ್ರಿಟನ್ನಿನ ಈ ನೀತಿಯನ್ನು ಅವರು ಬಹಿರಂಗವಾಗಿಯೇ ಖಂಡಿಸಿದರು.

ನಿಮ್ಮ ಎರಡನೇ ಪ್ರಶ್ನೆಗೆ: ಇಲ್ಲ, ಎಲ್ಲದಕ್ಕೂ ಮ್ಯೂನಿಕ್ ಎನ್ನಲಾಗದು. ಚೇಂಬರ್ಲಿನ್‌ರೊಂದಿಗೆ ಭಿನ್ನಾಭಿಪ್ರಾಯ ಬಂದು 1938ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟಿದ್ದ ಆಂಥನಿ ಈಡನ್ 1956ರಲ್ಲಿ ತಾವೇ ಪ್ರಧಾನಿಯಾಗಿದ್ದರು. ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದಾಗ, ಈಡನ್‌ರ ಕಣ್ಣಿಗೆ ಮೂವತ್ತರ ದಶಕದ ಸರ್ವಾಧಿಕಾರಿಯೇ ಮರಳಿ ಬಂದಂತಾಯಿತು. ಫ್ರಾನ್ಸ್ ಮತ್ತು ಇಸ್ರೇಲ್‌ಗಳೊಡನೆ ಗುಟ್ಟಾಗಿ ಕೂಡಿಕೊಂಡು ದಾಳಿ ಮಾಡಿದರು. ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆ ಸರಿಯಬೇಕಾಯಿತು. ನಾಸರ್ ವಶಪಡಿಸಿಕೊಂಡದ್ದು ತನ್ನದೇ ನೆಲದಲ್ಲಿದ್ದ ಕಾಲುವೆಯ ಕಂಪನಿಯನ್ನು, ಅದೂ ಷೇರುದಾರರಿಗೆ ಪರಿಹಾರ ಕೊಡುತ್ತೇನೆಂದು ಹೇಳಿ.

– ಸಂಪಾದಕ