ಹಳೆಯ 1911 ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್: ಒರಿಜಿನಲ್ ಉಳಿಸಿಕೊಳ್ಳಬೇಕಾ, ಬದಲಿಸಬೇಕಾ?

ಬದಲಿಸಿ. ಆದರೆ ಹಳೆಯದನ್ನು ಬಿಸಾಡಬೇಡಿ.

ನಿಮ್ಮದು ತಂದೆಯಿಂದ ಬಂದ .45 ಕ್ಯಾಲಿಬರ್‌ನ 1911 ಅನ್ನುವ ಮಾದರಿಯ ಪಿಸ್ತೂಲು, ಐದು ಇಂಚಿನ ಬ್ಯಾರೆಲ್, ಸ್ಪ್ರಿಂಗ್ ಕಾರ್ಖಾನೆಯಿಂದ ಬಂದದ್ದೇ ಅಂತ ಬರೆದಿದ್ದೀರಿ. ಈಚೆಗೆ ಖಾಲಿ ಕೇಸ್‌ಗಳು (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೋಶಗಳು) ಮೊದಲಿಗಿಂತ ದೂರ ಹಾರುತ್ತಿವೆ, ಒಮ್ಮೊಮ್ಮೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಪೂರ್ತಿ ಮುಂದೆ ಬಂದು ಕೂರುತ್ತಿಲ್ಲ ಅಂತಲೂ ಹೇಳಿದ್ದೀರಿ. ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ನೋಡುವುದು ಈ ಸ್ಪ್ರಿಂಗನ್ನೇ.

ಅದಕ್ಕೆ ಇರುವುದು ಎರಡು ಕೆಲಸ. ಗುಂಡು ಹಾರಿದಾಗ ಹಿಂದಕ್ಕೆ ನುಗ್ಗುವ ಸ್ಲೈಡನ್ನು ತಡೆಯಬೇಕು. ಆಮೇಲೆ ಅದನ್ನೇ ಮುಂದಕ್ಕೆ ತಳ್ಳಿ, ಮ್ಯಾಗಜಿನ್‌ನಿಂದ ಮುಂದಿನ ಗುಂಡನ್ನು ಎತ್ತಿಸಿ, ಚೇಂಬರ್‌ಗೆ (ಬ್ಯಾರೆಲ್‌ನ ಹಿಂಬದಿಯಲ್ಲಿ ಗುಂಡು ಕೂರುವ ಜಾಗಕ್ಕೆ) ಸೇರಿಸಿ ಬೀಗ ಹಾಕಿಸಬೇಕು. ಸ್ಪ್ರಿಂಗ್ ಸೋತರೆ ಎರಡೂ ಕೆಡುತ್ತವೆ. ಸ್ಲೈಡ್ ಬಂದು ಫ್ರೇಮ್‌ಗೆ, ಅಂದರೆ ಹಿಡಿ ಇರುವ ಮೈಗೆ, ಜೋರಾಗಿ ಬಡಿಯುತ್ತದೆ, ನಿಮ್ಮ ಕೈಗೂ ಅದು ಗೊತ್ತಾಗುತ್ತದೆ. ಸವೆದ ಸ್ಪ್ರಿಂಗನ್ನು ಹಾಗೇ ಬಿಟ್ಟರೆ ಏಟು ತಿನ್ನುವುದು ಫ್ರೇಮ್. ತಂದೆಯ ನೆನಪು ಅಂತ ಉಳಿಸಿಕೊಳ್ಳಬೇಕಾದದ್ದು ಅದನ್ನೇ ಅಲ್ವಾ?

ಈ ಅಳತೆಯ 1911ಕ್ಕೆ, ಮಾಮೂಲಿ ಗುಂಡಿಗೆ, 16 ಪೌಂಡ್ ಸ್ಪ್ರಿಂಗ್ ಸರಿ. ಸ್ಲೈಡ್ ಪೂರ್ತಿ ಹಿಂದೆ ಹೋದಾಗ ಸ್ಪ್ರಿಂಗ್ ಎಷ್ಟು ಬಲದಲ್ಲಿ ತಳ್ಳುತ್ತದೆ ಅನ್ನುವುದೇ ಆ ಸಂಖ್ಯೆ. ಹೇಗೂ ಬದಲಿಸುತ್ತೇವೆ, ಇನ್ನೂ ಗಟ್ಟಿ ಇರಲಿ ಅಂತ 18 ಅಥವಾ 20 ಹಾಕುವವರು ತುಂಬಾ ಜನ. ದಯವಿಟ್ಟು ಬೇಡ. ಗಟ್ಟಿ ಸ್ಪ್ರಿಂಗ್ ಸ್ಲೈಡನ್ನು ಅಷ್ಟೇ ಜೋರಾಗಿ ಮುಂದಕ್ಕೂ ಬಡಿಯುತ್ತದೆ. ಮ್ಯಾಗಜಿನ್ ಮುಂದಿನ ಗುಂಡನ್ನು ಮೇಲೆತ್ತುವ ಮೊದಲೇ ಸ್ಲೈಡ್ ವಾಪಸ್ ಬಂದಿರಬಹುದು. ಗುಂಡಿನ ಲೋಡ್ ಹಗುರಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ, ಖಾಲಿ ಕೇಸ್ ಹೊರಬೀಳುವ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವ ಮೊದಲು ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರನ್ನು ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಕನ್ನಡಕ ಹಾಕಿಕೊಳ್ಳಿ. ಇದು ಸುಮ್ನೆ ಹೇಳುತ್ತಿಲ್ಲ. ಬುಶಿಂಗ್ (ಬ್ಯಾರೆಲ್‌ನ ಮುಂದಿನ ತುದಿಯನ್ನು ಹಿಡಿಯುವ ಬಳೆ) ತಿರುಗಿದ ಕೂಡಲೇ ಪ್ಲಗ್ (ಸ್ಪ್ರಿಂಗಿನ ಮುಂದಿನ ತುದಿಯ ಮುಚ್ಚಳ) ಸ್ಪ್ರಿಂಗ್ ಸಮೇತ ಚಿಮ್ಮುತ್ತದೆ. ಹೆಬ್ಬೆರಳನ್ನು ಪ್ಲಗ್ ಮೇಲೆ ಒತ್ತಿ ಹಿಡಿದು, ನಿಧಾನಕ್ಕೆ ಸಡಿಲಿಸಿ. ಮುಖ ಆ ದಾರಿಯಲ್ಲಿ ಇರಬಾರದು. ಆಮೇಲೆ ಸ್ಲೈಡ್ ಹಿಂದಕ್ಕೆ ಸರಿಸಿ, ಅದರ ಸಣ್ಣ ಅರ್ಧಚಂದ್ರದ ಕಚ್ಚಿಗೆ ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸನ್ನೆ) ಹೊಂದಿಸಿ, ಬಲಗಡೆಯಿಂದ ಒತ್ತಿ ಹೊರಗೆ ತೆಗೆಯಿರಿ. ಈಗ ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ.

ಹಳೆಯ ಸ್ಪ್ರಿಂಗನ್ನೂ ಹೊಸದನ್ನೂ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಒಂದು ತುದಿ ಸಮ ಮಾಡಿ ಇಡಿ. ಹಳೆಯದು ಎಷ್ಟೋ ಸುತ್ತು ಮೊದಲೇ ಮುಗಿದಿರುತ್ತದೆ, ಕೆಲವೊಮ್ಮೆ ನಡುವೆ ಸ್ವಲ್ಪ ಬಾಗಿಯೂ ಇರುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆ ಬದಲಿಸಬೇಕಾ ಅನ್ನುವ ಅನುಮಾನ ಉಳಿಯುವುದಿಲ್ಲ. ಹೊಸದರ ಎರಡು ತುದಿಯೂ ಒಂದೇ ಥರ ಇರುವುದಿಲ್ಲ. ಬಿಗಿಯಾಗಿ ಮುಚ್ಚಿದ ತುದಿ ಗೈಡ್ (ಸ್ಪ್ರಿಂಗಿನ ಹಿಂದಿನ ತುದಿಯೊಳಗೆ ಕೂರುವ ಕಡ್ಡಿ) ಕಡೆಗೆ, ತೆರೆದ ತುದಿ ಪ್ಲಗ್ ಕಡೆಗೆ ಬರಬೇಕು. ಪ್ಯಾಕೆಟ್‌ನಲ್ಲಿ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ಸ್ಪ್ರಿಂಗ್ ಕೊಟ್ಟಿದ್ದರೆ ಅದನ್ನೂ ಬದಲಿಸಿಬಿಡಿ.

ಒರಿಜಿನಲ್ ಸ್ಪ್ರಿಂಗಿಗೆ ತೆಳುವಾಗಿ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಯಾವ ಪಿಸ್ತೂಲಿನದು, ಯಾವಾಗ ತೆಗೆದದ್ದು ಅಂತ ಬರೆದಿಡಿ. ಹಳೆಯ ಆಯುಧಕ್ಕೆ ಬೆಲೆ ಬರುವುದೇ ಮೂಲ ಭಾಗಗಳಿಂದ. ಸ್ಪ್ರಿಂಗ್ ಬದಲಿಸಿದರೆ ಅದೇನೂ ಹಾಳಾಗುವುದಿಲ್ಲ, ಬೇಕಾದಾಗ ಮತ್ತೆ ಹಾಕಬಹುದು. ಆದರೆ ಇದೇ ನೆಪದಲ್ಲಿ ಮೈಯನ್ನು ಉಜ್ಜಿ ಹೊಳೆಸುವುದು, ಒಳಗಿನ ಭಾಗಗಳಿಗೆ ಅರ ಹಾಕುವುದು ಬೇಡ. ಅದನ್ನು ವಾಪಸ್ ತರಲಾಗದು. ಟ್ರಿಗರ್, ಸಿಯರ್ (ಟ್ರಿಗರ್ ಒತ್ತುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ಭಾಗ) ಕಡೆ ಏನಾದರೂ ಸವೆದಂತೆ ಕಂಡರೆ ಪರವಾನಗಿ ಇರುವ ಗನ್‌ಸ್ಮಿತ್‌ಗೆ ಕೊಡಿ.

ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನ ಸ್ಲೈಡನ್ನು ಕೈಯಲ್ಲೇ ನಾಲ್ಕಾರು ಸಲ ಎಳೆದು ನೋಡಿ, ಎಲ್ಲೂ ತಡೆಯಬಾರದು. ರೇಂಜ್‌ನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ಗುಂಡು, ಆಮೇಲೆ ಎರಡು, ಎಲ್ಲ ಸರಿಯಿದ್ದರೆ ಪೂರ್ತಿ. ಆಗಲೂ ಸ್ಲೈಡ್ ಅರ್ಧಕ್ಕೇ ನಿಂತರೆ ತಪ್ಪು ಸ್ಪ್ರಿಂಗ್‌ನದ್ದಲ್ಲ. ಚೇಂಬರ್‌ನಲ್ಲಿ ಕೊಳೆ ಕೂತಿದೆಯಾ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆ) ಜಾಸ್ತಿ ಬಿಗಿಯಾಗಿದೆಯಾ ನೋಡಿಸಿ. ಬೇರೆ ಮ್ಯಾಗಜಿನ್ ಹಾಕಿಯೂ ಒಮ್ಮೆ ಪರೀಕ್ಷಿಸಿ.