ಅನಿತಾ ಡಾಬ್ಸನ್ ಅಂದರೆ ಬ್ರಯಾನ್ ಮೇ ಅವರ ಹೆಂಡತಿ, ಅಷ್ಟೇನಾ?

ಅಷ್ಟೇ ಅಲ್ಲ, ಅವರು ಬ್ರಿಟನ್ನಿನ ಹೆಸರಾಂತ ನಟಿ. ಈ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಕ್ವೀನ್ ಬ್ಯಾಂಡ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅವರನ್ನು ಅನಿತಾ ಮದುವೆಯಾಗಿದ್ದು 2000ದಲ್ಲಿ. ಅದಕ್ಕೂ 14 ವರ್ಷ ಮೊದಲೇ ಬ್ರಿಟನ್ನಿನ ಮನೆಮನೆಗೂ ಅವರು ಗೊತ್ತಿದ್ದರು.

ಹುಟ್ಟಿದ್ದು 1949ರಲ್ಲಿ, ಪೂರ್ವ ಲಂಡನ್ನಿನ ಸ್ಟೆಪ್ನಿಯಲ್ಲಿ. ದುಡಿದು ತಿನ್ನುವ ಜನರ ಕೇರಿ ಅದು. ಅಂಥದೇ ಕೇರಿಯ ಕಥೆಯಾದ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯನ್ನು ಬಿಬಿಸಿ 1985ರಲ್ಲಿ ಶುರು ಮಾಡಿತು. ಪಬ್ ನಡೆಸುವ ಆಂಜಿ ವಾಟ್ಸ್ ಪಾತ್ರಕ್ಕೆ ಮೊದಲು ಬೇರೊಬ್ಬ ನಟಿ ಆಯ್ಕೆಯಾಗಿದ್ದರು. ಚಿತ್ರೀಕರಣಕ್ಕೆ ಕೆಲವೇ ದಿನ ಇರುವಾಗ ಆ ಪಾತ್ರ ಅನಿತಾ ಕೈಗೆ ಬಂತು. ಆಗ ಅವರಿಗೆ 35.

ಆಂಜಿ ಗಿರಾಕಿಗಳ ಮುಂದೆ ಜೋರಾಗಿ ನಗುತ್ತಾಳೆ, ಒಳಗೆ ಹೋಗಿ ಕುಡಿಯುತ್ತಾಳೆ. ಗಂಡ ಡೆನ್‌ಗೆ ಬೇರೆ ಹೆಂಗಸಿನ ಸಂಗ. 1986ರ ಅಕ್ಟೋಬರಿನ ಒಂದು ಕಂತಿನಲ್ಲಿ ಈ ಗಂಡಹೆಂಡತಿ ಬಿಟ್ಟರೆ ಮತ್ಯಾರೂ ಇಲ್ಲ. ಅವನು ಬಿಟ್ಟು ಹೋಗುತ್ತೇನೆ ಅಂದಾಗ, ತಾನಿನ್ನು ಆರೇ ತಿಂಗಳು ಬದುಕುವುದು ಅಂತ ಆಂಜಿ ಸುಳ್ಳು ಹೇಳುತ್ತಾಳೆ. ಸುಳ್ಳು ಅಂತ ಗೊತ್ತಿದ್ದೂ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅಳು ಬಂತು. ವೆನಿಸ್‌ನಿಂದ ಬರುವ ರೈಲಿನಲ್ಲಿ ಅವಳು ಮತ್ತೊಬ್ಬರ ಹತ್ತಿರ ನಿಜ ಹೇಳಿಕೊಳ್ಳುವುದು ಡೆನ್ ಕಿವಿಗೆ ಬೀಳುತ್ತದೆ. ಕ್ರಿಸ್‌ಮಸ್ ದಿನ ಅವನು ಡೈವೋರ್ಸ್ ಕಾಗದ ಅವಳ ಕೈಗಿಡುತ್ತಾನೆ. ಮರುಪ್ರಸಾರವೂ ಸೇರಿ ಆ ಕಂತು ನೋಡಿದವರು 3 ಕೋಟಿಗೂ ಜಾಸ್ತಿ. ದೇಶದ ಅರ್ಧಕ್ಕಿಂತ ಹೆಚ್ಚು ಜನ!

ಹಾಡಿನ ಕಥೆಯೂ ಆ ವರ್ಷದ್ದೇ. ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ಸಾಹಿತ್ಯ ಸೇರಿಸಿದ ‘ಎನಿವನ್ ಕ್ಯಾನ್ ಫಾಲ್ ಇನ್ ಲವ್’ ಹಾಡಿದ್ದು ಅನಿತಾ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 4ನೇ ಸ್ಥಾನಕ್ಕೇರಿತು. ಸಂಗೀತ ಸೈಮನ್ ಮೇ ಅವರದು, ಬ್ರಯಾನ್‌ಗೆ ನೆಂಟರಲ್ಲ. ಬ್ರಯಾನ್ ಜೊತೆ ಹಾಡು ಮಾಡಿದ್ದು ಮರುವರ್ಷ. ಗಾಯಕಿಯಾಗಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. ನಟನೆಯೇ ಅವರ ನಿಜವಾದ ಬಲ ಅಂತ ನನಗನಿಸುತ್ತದೆ.

1988ರಲ್ಲಿ ಆಂಜಿಯನ್ನು ಬಿಟ್ಟರು. ಆಮೇಲೆ ನಾಟಕಗಳು, 2011ರಲ್ಲಿ ಟಿವಿಯ ನೃತ್ಯ ಸ್ಪರ್ಧೆ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’. 2023ರಲ್ಲಿ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’ಗೆ ಪಕ್ಕದ ಮನೆಯ ಮಿಸೆಸ್ ಫ್ಲಡ್ ಆಗಿ ಬಂದರು. 2025ರಲ್ಲಿ ಆಕೆಯೇ ಕಥಾನಾಯಕ ಡಾಕ್ಟರ್‌ನ ಹಳೆಯ ವೈರಿ, ‘ರಾಣಿ’ ಅನ್ನುವ ಹೆಸರಿನವಳು ಅಂತ ಬಯಲಾಯಿತು. ಆಗ ಅನಿತಾಗೆ 76.

ನೋಡಬೇಕು ಅನಿಸಿದರೆ, ಕ್ರಿಸ್‌ಮಸ್ ಕಂತಿಗಿಂತ ಮೊದಲು ಆ ಇಬ್ಬರದೇ ಕಂತು ನೋಡಿ.