ಪಿಚರ್‌ನತ್ತ ಚಿಮ್ಮಿ ಬರುವ ಚೆಂಡು: ತಲೆ, ಮುಖ, ಎದೆಗೆ ಯಾವ ರಕ್ಷಣೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ವಾಸವಾಗಿದ್ದೇವೆ. ಹನ್ನೊಂದು ವರ್ಷದ ಮಗ ಮಕ್ಕಳ ಲಿಟಲ್ ಲೀಗ್ ಬೇಸ್‌ಬಾಲ್ ಆಡುತ್ತಾನೆ, ಈ ವರ್ಷದಿಂದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಆಗಿದ್ದಾನೆ. ಮೊನ್ನೆ ಎದುರು ತಂಡದ ಹುಡುಗ ಹೊಡೆದ ಚೆಂಡು ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಫೇಸ್ ಮಾಸ್ಕ್ ಹಾಕಿಕೊಳ್ಳು ಎಂದರೆ, ‘ದೊಡ್ಡ ಆಟಗಾರರು ಯಾರೂ ಹಾಕುವುದಿಲ್ಲ, ಚುರುಕಾಗಿದ್ದರೆ ಸಾಕು’ ಎನ್ನುತ್ತಾನೆ. ಅಂಗಡಿಯಲ್ಲಿ ಕ್ಯಾಪ್ ಒಳಗಿಡುವ ಪ್ಯಾಡ್, ಹೆಲ್ಮೆಟ್, ಎದೆಯ ಗಾರ್ಡ್ ಎಲ್ಲವೂ ಸಿಗುತ್ತವೆ. ನಿಜಕ್ಕೂ ಯಾವುದು ಬೇಕು?
— ಒಬ್ಬ ತಾಯಿ, ಎಡಿಸನ್

ಉತ್ತರ: ಮೊದಲು ನಿಮ್ಮ ಮಗನ ಮಾತಿಗೇ ಉತ್ತರಿಸುತ್ತೇನೆ, ಏಕೆಂದರೆ ಅವನಿಗೆ ಮನವರಿಕೆಯಾಗದೆ ಕೊಡಿಸಿದ ಮಾಸ್ಕ್ ಚೀಲದಲ್ಲಿಯೇ ಉಳಿಯುತ್ತದೆ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಇರುವ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್ ದೂರ. ಆದರೆ ಚೆಂಡನ್ನು ಕೈಬಿಡುವಾಗ ಅವನು ದೊಡ್ಡದೊಂದು ಹೆಜ್ಜೆಯಿಟ್ಟು ಮುಂದೆ ಬಂದಿರುತ್ತಾನೆ, ಹೀಗಾಗಿ ಬ್ಯಾಟರ್‌ಗೂ ಅವನಿಗೂ ನಡುವೆ ಉಳಿಯುವುದು ಸುಮಾರು 16.5 ಮೀಟರ್ ಮಾತ್ರ. ಗಂಟೆಗೆ 160 ಕಿ.ಮೀ. ವೇಗದಲ್ಲಿ ನೇರವಾಗಿ ಬರುವ ಲೈನ್ ಡ್ರೈವ್ ಅಷ್ಟು ದೂರವನ್ನು ದಾಟಲು ಸುಮಾರು 0.4 ಸೆಕೆಂಡು ಸಾಕು. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ, ಸ್ನಾಯುಗಳಿಗೆ ಅಪ್ಪಣೆ ಕೊಡುವುದಕ್ಕೇ ಅದರಲ್ಲಿ ಅರ್ಧದಷ್ಟು ಸಮಯ ಕಳೆದುಹೋಗುತ್ತದೆ. ಉಳಿದರ್ಧದಲ್ಲಿ, ಒಂದು ಕಾಲಿನ ಮೇಲೆ ಬಾಗಿ, ಗ್ಲೋವ್ ಪಕ್ಕಕ್ಕೆ ಸರಿದಿರುವ ಭಂಗಿಯಿಂದ ಅವನು ಮುಖವನ್ನು ಕಾಪಾಡಿಕೊಳ್ಳಬೇಕು. ನಿಮ್ಮ ಮಗನ ವಯಸ್ಸಿನವರಿಗೆ ಪಿಚಿಂಗ್ ದೂರ 46 ಅಡಿ, ಅಂದರೆ 14 ಮೀಟರ್. ಮಕ್ಕಳು ಹೊಡೆಯುವ ಚೆಂಡಿನ ವೇಗ ಕಡಿಮೆಯಾದರೂ ದೂರವೂ ಕಡಿಮೆಯಾಗುವುದರಿಂದ, ಬಲವಾದ ಹೊಡೆತಕ್ಕೆ ಅವನಿಗೆ ಸಿಗುವ ಸಮಯವೂ ಹೆಚ್ಚೂಕಡಿಮೆ ಅಷ್ಟೇ. ಚುರುಕುತನ ಒಳ್ಳೆಯದೇ, ಆದರೆ ಅದು ಕೆಲಸ ಮಾಡಬೇಕಾದ ಸಮಯವೇ ಇಲ್ಲಿ ಇರುವುದಿಲ್ಲ.

ದೊಡ್ಡ ಆಟಗಾರರ ಅನುಭವವೂ ಇದನ್ನೇ ಹೇಳುತ್ತದೆ. 1957ರ ಮೇ 7ರಂದು ಕ್ಲೀವ್‌ಲ್ಯಾಂಡ್‌ನ ಹರ್ಬ್ ಸ್ಕೋರ್ ಅವರ ಕಣ್ಣಿನ ಭಾಗಕ್ಕೆ ಯಾಂಕೀಸ್ ತಂಡದ ಗಿಲ್ ಮೆಕ್‌ಡೂಗಲ್ಡ್ ಹೊಡೆದ ಚೆಂಡು ಬಡಿಯಿತು; ಅದುವರೆಗೆ ಲೀಗ್‌ನ ಶ್ರೇಷ್ಠ ಯುವ ಪಿಚರ್‌ಗಳಲ್ಲಿ ಒಬ್ಬರಾಗಿದ್ದ ಅವರ ಆಟ ಮುಂದೆ ಹಿಂದಿನಂತಾಗಲಿಲ್ಲ. 2014ರ ಮಾರ್ಚ್‌ನಲ್ಲಿ, ಗಂಟೆಗೆ 160 ಕಿ.ಮೀ. ಮೀರಿದ ವೇಗದಲ್ಲಿ ಚೆಂಡೆಸೆಯುವ ಅರೋಲ್ಡಿಸ್ ಚಾಪ್‌ಮನ್ ಅವರ ಎಡಗಣ್ಣಿನ ಮೇಲಿನ ಮೂಳೆ ಮುರಿದು, ಲೋಹದ ಪಟ್ಟಿ ಕೂರಿಸಬೇಕಾಯಿತು. 2021ರಲ್ಲಿ ಓಕ್‌ಲ್ಯಾಂಡ್‌ನ ಕ್ರಿಸ್ ಬ್ಯಾಸಿಟ್ ಅವರ ಕೆನ್ನೆಯ ಮೂಳೆ ಮುರಿಯಿತು. ಇವರಾರೂ ಚುರುಕಿಲ್ಲದವರಲ್ಲ. ಮತ್ತೊಂದನ್ನು ಗಮನಿಸಿ: ಈ ಮೂವರಿಗೂ ಪೆಟ್ಟಾದದ್ದು ಮುಖಕ್ಕೆ, ಅಂದರೆ ಕ್ಯಾಪ್ ಒಳಗಿನ ಪ್ಯಾಡ್ ತಲುಪದ ಜಾಗಕ್ಕೆ.

ಆದ್ದರಿಂದ ಹನ್ನೊಂದರ ಬಾಲಕನಿಗೆ ನನ್ನ ಮೊದಲ ಆಯ್ಕೆ ಫೇಸ್ ಮಾಸ್ಕ್. ಕಣ್ಣು, ಮೂಗು, ದವಡೆ, ಹಲ್ಲು ನಾಲ್ಕನ್ನೂ ಅದು ಕಾಯುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಹುಡುಗಿಯರು, ಪಿಚರ್‌ಗಳಷ್ಟೇ ಅಲ್ಲದೆ ಹತ್ತಿರದ ಫೀಲ್ಡರ್‌ಗಳೂ ಇದನ್ನು ಧರಿಸಿಯೇ ಆಡುತ್ತಾರೆ. ಅವರ ಆಟದ ವೇಗವಾಗಲಿ ಕೌಶಲವಾಗಲಿ ಇದರಿಂದ ಕುಗ್ಗಿಲ್ಲ ಎಂದು ಮಗನಿಗೆ ತೋರಿಸಿ, ಸಾಧ್ಯವಾದರೆ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ. ಮಾಸ್ಕ್ ಜೊತೆಗೆ ತಲೆಯ ಎರಡೂ ಬದಿಗೆ ರಕ್ಷಣೆಯಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕಣತಲೆಯ ಮೂಳೆ ತೆಳು, ಮತ್ತು ಅದರ ಒಳಮಗ್ಗುಲಿಗೆ ಅಂಟಿಕೊಂಡಂತೆ ಒಂದು ಅಪಧಮನಿ ಹರಿಯುತ್ತದೆ. ಪ್ಯಾಡ್ ಅಥವಾ ಗಟ್ಟಿ ಕವಚ ಪೆಟ್ಟಿನ ಬಲವನ್ನು ಅಗಲವಾದ ಜಾಗಕ್ಕೆ ಹರಡಿ ಮೂಳೆ ಮುರಿಯುವ ಅಪಾಯವನ್ನು ತಗ್ಗಿಸುತ್ತದೆ. ಆದರೆ ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು, ಅಂದರೆ ಕಂಕಶನ್ ಅನ್ನು, ಯಾವ ಕ್ಯಾಪ್ ಕೂಡ ಪೂರ್ತಿ ತಡೆಯಲಾರದು. ಹಾಗೆ ತಡೆಯುತ್ತದೆಂದು ಹೇಳಿ ಮಾರುವವರನ್ನು ನಂಬಬೇಡಿ.

ಎದೆಯ ಗಾರ್ಡ್ ವಿಷಯದಲ್ಲಿ ಪಾಲಕರು ಸಾಮಾನ್ಯವಾಗಿ ಪಕ್ಕೆಲುಬಿನ ಬಗ್ಗೆ ಯೋಚಿಸುತ್ತಾರೆ. ನನ್ನ ಕಾಳಜಿ ಹೃದಯದ್ದು. ಹೃದಯಬಡಿತದ ಆವರ್ತದಲ್ಲಿ ಸೆಕೆಂಡಿನ ಕೆಲವೇ ನೂರನೇ ಭಾಗದಷ್ಟು ಕಿರಿದಾದ ಒಂದು ಘಳಿಗೆಯಿದೆ. ಸರಿಯಾಗಿ ಆ ಘಳಿಗೆಯಲ್ಲಿ ಹೃದಯದ ನೇರಕ್ಕೆ ಚೆಂಡು ಬಡಿದರೆ, ಯಾವ ಕಾಯಿಲೆಯೂ ಇಲ್ಲದ ಹೃದಯ ಲಯತಪ್ಪಿ, ರಕ್ತವನ್ನು ಪಂಪು ಮಾಡುವುದನ್ನೇ ನಿಲ್ಲಿಸಬಹುದು. ಇದು ಅಪರೂಪ. ಆದರೆ ಎದೆಗೂಡು ಇನ್ನೂ ಮೆತ್ತಗಿರುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಇದಕ್ಕೆಂದೇ ಪರೀಕ್ಷಿಸಿದ ಗಾರ್ಡ್‌ಗಳ ಮೇಲೆ, ಕ್ರೀಡಾ ಸಾಧನಗಳ ಗುಣಮಟ್ಟ ನಿಗದಿಪಡಿಸುವ ಎನ್.ಒ.ಸಿ.ಎಸ್.ಎ.ಇ. ಸಂಸ್ಥೆಯ ಮುದ್ರೆ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಗಾರ್ಡ್‌ಗಿಂತಲೂ ಮುಖ್ಯವಾದದ್ದು ಲಯತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎ.ಇ.ಡಿ. ಯಂತ್ರ ಮೈದಾನದಲ್ಲಿ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಗೊತ್ತಿದೆ ಎಂಬುದು. ಎದೆಗೆ ಪೆಟ್ಟು ಬಿದ್ದು ಕುಸಿದ ಮಗುವಿಗೆ ಒಡನೆಯೇ ಎದೆ ಒತ್ತಲು ಆರಂಭಿಸಿ, ಮೊದಲ ಕೆಲವು ನಿಮಿಷಗಳಲ್ಲಿ ವಿದ್ಯುತ್ ಆಘಾತ ಕೊಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ. ತಡವಾದಂತೆಲ್ಲ ಅದು ಬೇಗ ಕುಸಿಯುತ್ತದೆ. ಈ ಪ್ರಶ್ನೆಯನ್ನು ಕೋಚ್‌ಗೆ ಕೇಳಲು ದಯವಿಟ್ಟು ಸಂಕೋಚಪಡಬೇಡಿ.

ಬ್ಯಾಟಿನ ಬಗ್ಗೆಯೂ ವಿಚಾರಿಸಿ. ಲಿಟಲ್ ಲೀಗ್‌ನ ಈ ವಯಸ್ಸಿನ ವಿಭಾಗದಲ್ಲಿ 2018ರಿಂದ, ಅಖಂಡ ಮರದ ಬ್ಯಾಟ್ ಬಿಟ್ಟರೆ, ಯು.ಎಸ್.ಎ. ಬೇಸ್‌ಬಾಲ್ ಮುದ್ರೆಯ ಬ್ಯಾಟ್‌ಗಳಿಗೆ ಮಾತ್ರ ಅವಕಾಶ. ಈ ಮುದ್ರೆಯ ಬ್ಯಾಟ್‌ಗಳಿಂದ ಚೆಂಡು ಹಳೆಯ ಲೋಹದ ಬ್ಯಾಟ್‌ಗಳಷ್ಟು ಚಿಮ್ಮುವುದಿಲ್ಲ. ಲೀಗ್‌ನ ಹೊರಗೆ ನಡೆಯುವ ಕೆಲವು ಟೂರ್ನಿಗಳಲ್ಲಿ ಹೆಚ್ಚು ಚಿಮ್ಮಿಸುವ ಬ್ಯಾಟ್‌ಗಳಿಗೂ ಅನುಮತಿಯಿದ್ದು, ಅಲ್ಲಿ ಮಾಸ್ಕ್ ಇಲ್ಲದೆ ಮಗನನ್ನು ಇಳಿಸಬೇಡಿ. ಅಭ್ಯಾಸದ ವೇಳೆ ಚೆಂಡೆಸೆಯುವವರ ಮುಂದೆ ಎಲ್-ಸ್ಕ್ರೀನ್ (ಎಲ್ ಆಕಾರದ ಬಲೆಯ ತಡೆ) ಇರಲೇಬೇಕು.

ಕೊನೆಯದಾಗಿ, ತಲೆಗೆ ಪೆಟ್ಟು ಬಿದ್ದೇ ಬಿಟ್ಟರೆ ಏನು ಮಾಡಬೇಕೆಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. 2012ರ ಸೆಪ್ಟೆಂಬರ್ 5ರಂದು ಓಕ್‌ಲ್ಯಾಂಡ್‌ನ ಬ್ರ್ಯಾಂಡನ್ ಮೆಕಾರ್ಥಿ ಅವರ ತಲೆಯ ಬದಿಗೆ ಚೆಂಡು ಬಡಿದಾಗ ಅವರು ಕೆಲ ನಿಮಿಷಗಳಲ್ಲಿ ಎದ್ದು, ತಾವಾಗಿಯೇ ನಡೆದು ಮೈದಾನದಿಂದ ಹೊರಹೋದರು. ಆಸ್ಪತ್ರೆಯಲ್ಲಿ ತಲೆಬುರುಡೆ ಬಿರಿದು, ಮಿದುಳಿನ ಹೊರಪೊರೆಗೂ ಮೂಳೆಗೂ ನಡುವೆ ರಕ್ತಸ್ರಾವವಾಗಿರುವುದು ಕಂಡುಬಂದು, ಅಂದೇ ಶಸ್ತ್ರಚಿಕಿತ್ಸೆಯಾಯಿತು. ಈ ಬಗೆಯ ರಕ್ತಸ್ರಾವದ ಲಕ್ಷಣವೇ ಅದು: ಆರಂಭದಲ್ಲಿ ಮನುಷ್ಯ ಮಾತನಾಡುತ್ತಾನೆ, ನಡೆಯುತ್ತಾನೆ, ಆಮೇಲೆ ರಕ್ತ ಶೇಖರವಾಗುತ್ತಾ ಮಿದುಳನ್ನು ಒತ್ತತೊಡಗುತ್ತದೆ. ಹಾಗಾಗಿ ‘ನನಗೇನೂ ಆಗಿಲ್ಲ’ ಎಂದು ಮಗು ಹೇಳಿದರೂ ಅಂದಿನ ಆಟ ಅಲ್ಲಿಗೆ ಮುಗಿಯಬೇಕು, ವೈದ್ಯರಿಗೆ ತೋರಿಸಬೇಕು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಕವಿದರೆ, ಮಾತು ತೊದಲಿದರೆ, ಕಣ್ಣಿನ ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ಕಾಯದೆ 911ಕ್ಕೆ ಕರೆ ಮಾಡಿ.

ಪ್ರಶ್ನೆ: ಬ್ಯಾಟರ್‌ಗೆ ಹೆಲ್ಮೆಟ್ ಕಡ್ಡಾಯ. ಪಿಚರ್‌ಗೆ ಮಾತ್ರ ಅಮೆರಿಕದ ಅಗ್ರ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್ ಏಕೆ ಕಡ್ಡಾಯ ಮಾಡಿಲ್ಲ?
— ಕ್ರೀಡಾಸಕ್ತ ಓದುಗ, ಮೈಸೂರು

ಉತ್ತರ: ಬ್ಯಾಟರ್‌ಗಳ ಹೆಲ್ಮೆಟ್ ಕೂಡ ಸುಲಭವಾಗಿ ಬಂದದ್ದಲ್ಲ. 1920ರಲ್ಲಿ ಪಿಚರ್ ಎಸೆದ ಚೆಂಡು ತಲೆಗೆ ಬಡಿದು ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ಮೃತಪಟ್ಟರು, ಆದರೆ ಮೇಜರ್ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ. 2007ರ ಜುಲೈನಲ್ಲಿ, ಮೇಜರ್ ಲೀಗ್‌ನ ಕೆಳಹಂತವಾದ ಮೈನರ್ ಲೀಗ್ ಪಂದ್ಯವೊಂದರಲ್ಲಿ ಮೊದಲ ಬೇಸ್ ಬಳಿ ನಿಂತಿದ್ದ ಕೋಚ್ ಮೈಕ್ ಕೂಲ್‌ಬಾ ಅವರು ಕುತ್ತಿಗೆಗೆ ಚೆಂಡು ಬಡಿದು ತೀರಿಕೊಂಡ ಮೇಲೆ, ಮರುವರ್ಷವೇ ಬೇಸ್ ಕೋಚ್‌ಗಳಿಗೂ ಹೆಲ್ಮೆಟ್ ಬಂತು.

ಪಿಚರ್‌ಗಳಿಗೆ ಸಂಬಂಧಿಸಿದಂತೆ, 2014ರ ಜನವರಿಯಲ್ಲಿ ‘ಐಸೋಬ್ಲಾಕ್ಸ್’ ಎಂಬ ಪ್ಯಾಡ್ ಅಳವಡಿಸಿದ ಕ್ಯಾಪ್‌ಗೆ ಮೇಜರ್ ಲೀಗ್ ಒಪ್ಪಿಗೆ ಕೊಟ್ಟಿತು. ಆದರೆ ಧರಿಸುವುದು ಬಿಡುವುದು ಆಟಗಾರನ ಇಷ್ಟ. ಮುಂಭಾಗ ಗಂಟೆಗೆ 145 ಕಿ.ಮೀ., ಬದಿಗಳು 137 ಕಿ.ಮೀ. ವೇಗದ ಪೆಟ್ಟನ್ನು ತಾಳುವಂತೆ ರೂಪಿಸಿದ್ದ ಆ ಕ್ಯಾಪ್ ಮಾಮೂಲಿಗಿಂತ ಸುಮಾರು 200 ಗ್ರಾಂ ಭಾರ, ನೋಡಲು ದಪ್ಪ. ಆ ವರ್ಷದ ಜೂನ್‌ನಲ್ಲಿ ಸ್ಯಾನ್ ಡಿಯಾಗೋದ ಅಲೆಕ್ಸ್ ಟೊರೆಸ್ ಅದನ್ನು ಪಂದ್ಯದಲ್ಲಿ ಧರಿಸಿದ ಮೊದಲಿಗರಾದರು. ಹಿಂದಿನ ವರ್ಷ ತಮ್ಮ ಸಹ ಆಟಗಾರ ಅಲೆಕ್ಸ್ ಕಾಬ್ ತಲೆಗೆ ಚೆಂಡು ಬಡಿದು ಬಿದ್ದದ್ದನ್ನು ಅವರು ಕಂಡಿದ್ದರು. ಉಳಿದ ಬಹುತೇಕರು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಮೆಕಾರ್ಥಿ ಅವರೇ ಅದು ತೀರಾ ದೊಡ್ಡದು, ಸೆಕೆ ಎಂದು ಬದಿಗಿಟ್ಟರು. ಅವರ ಆಕ್ಷೇಪಣೆಯನ್ನು ಹಗುರವಾಗಿ ಕಾಣಲಾಗದು. ಒಂದು ಎಸೆತಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ದೇಹವನ್ನು ಪಳಗಿಸಿಕೊಂಡವರಿಗೆ ತಲೆಯ ಮೇಲಿನ 200 ಗ್ರಾಂ ಕಿರಿಕಿರಿಯೇ. ಅಲ್ಲದೆ, 2016ರಲ್ಲಿ ಮ್ಯಾಟ್ ಶೂಮೇಕರ್ ಅವರ ತಲೆಬುರುಡೆ ಬಿರಿಯುವಂತೆ ಮಾಡಿದ ಚೆಂಡಿನ ವೇಗ ಗಂಟೆಗೆ 169 ಕಿ.ಮೀ. ಇತ್ತು, ಅಂದರೆ ಆ ಕ್ಯಾಪ್‌ನ ಮಿತಿಗಿಂತ ಬಹಳ ಹೆಚ್ಚು.

ಆದರೂ ಇದು ಕೈಚೆಲ್ಲುವುದಕ್ಕೆ ಕಾರಣವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. 1971ರ ನಿಯಮ, ಅದಾಗಲೇ ಆಡುತ್ತಿದ್ದವರಿಗೆ ವಿನಾಯಿತಿ ಕೊಟ್ಟು ಹೊಸಬರಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ ಮಾಡಿತ್ತು. ಹೆಲ್ಮೆಟ್ ಇಲ್ಲದೆ ಬ್ಯಾಟ್ ಹಿಡಿದ ಕೊನೆಯ ಆಟಗಾರ ಬಾಬ್ ಮಾಂಟ್‌ಗಮರಿ 1979ರಲ್ಲಿ ನಿವೃತ್ತರಾದರು. ಪಿಚರ್‌ಗಳಿಗೂ ಇದೇ ದಾರಿ ಸೂಕ್ತ: ಮಕ್ಕಳ ಲೀಗ್‌ಗಳಲ್ಲಿ ಮುಖ ಮತ್ತು ತಲೆಯ ರಕ್ಷಣೆಯನ್ನು ಈಗಲೇ ಕಡ್ಡಾಯ ಮಾಡಿ, ಅದನ್ನು ಧರಿಸಿ ಬೆಳೆದ ಪೀಳಿಗೆ ಮೇಲೆ ಬಂದಂತೆ ಪ್ರೌಢಶಾಲೆ, ಕಾಲೇಜು, ಮೈನರ್ ಲೀಗ್‌ಗಳಿಗೆ ಹಂತಹಂತವಾಗಿ ವಿಸ್ತರಿಸಬೇಕು.